ಬೀಗ ಬೀಳದ ಜಾಗ

ಬದಿಯಡ್ಕ
ಬುಧವಾರ ಸಂಜೆ

ಜಯಪಾಲ ಸರ್‌ಗೆ ಅಕ್ಷಯಾಳ ನಮಸ್ಕಾರಗಳು.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಕೌನ್ಸೆಲಿಂಗ್ ಕೇಂದ್ರಕ್ಕೆ ನೀವು ಮಾಡಿಕೊಟ್ಟ ಪ್ರೋಗ್ರಾಂ, ಹೆಂಗಸರು ಹೇಳಿಕೊಂಡದ್ದನ್ನೆಲ್ಲ ಯಾರೂ ಓದದ ಹಾಗೆ ಇಡುತ್ತದಲ್ಲ. ಅದನ್ನು ತೆರೆಯುವ ಕೀಲಿ, ಕಂಪ್ಯೂಟರ್ ಆರಿಸಿದರೆ ಅಳಿಸಿಹೋಗುವ ಮೆಮೊರಿಯಲ್ಲಿ ಮಾತ್ರ ಇರುತ್ತದೆ, ಅಳಿಯದೆ ಉಳಿಯುವ ಡಿಸ್ಕಿಗೆ ಇಳಿಯುವುದಿಲ್ಲ ಎಂದಿದ್ದಿರಿ. ಆ ಧೈರ್ಯದಲ್ಲೇ ಅದೆಲ್ಲ ಇರುವ ಹಳೆಯ ಲ್ಯಾಪ್‌ಟಾಪನ್ನು ಕಳೆದ ವಾರ ರಿಪೇರಿ ಅಂಗಡಿಗೆ ಕೊಟ್ಟುಬಿಟ್ಟೆ.

ನಿನ್ನೆ ಪ್ರೋಗ್ರಾಮಿನ ಕೋಡ್ ಓದಿ ನೋಡಿದೆ. ಕೀಲಿ ಡಿಸ್ಕಿಗೆ ಇಳಿಯದ ಹಾಗೆ, ಮೆಮೊರಿಯಲ್ಲಿ ಅದು ಇರುವ ಜಾಗಕ್ಕೆ ಬೀಗ ಹಾಕು ಎಂದು ಅದು ಕಂಪ್ಯೂಟರನ್ನು ಕೇಳುತ್ತದೆ. ಕಂಪ್ಯೂಟರ್ ಆಗುವುದಿಲ್ಲ ಎಂದರೂ ಸುಮ್ಮನೆ ಮುಂದೆ ಹೋಗುತ್ತದೆ. ಹಾಗಾದರೆ ಕೀಲಿ ಡಿಸ್ಕಿನಲ್ಲಿ ಉಳಿದಿರಬಹುದಾ? ಅಥವಾ ನಾನೇ ತಪ್ಪು ಓದಿದೆನಾ?

ಕೂಡಲೇ ಹೋಗಿ ಲ್ಯಾಪ್‌ಟಾಪ್ ವಾಪಸ್ ತಂದೆ. ವಾರವಿಡೀ ಅದನ್ನು ಯಾರು ಮುಟ್ಟಿದರೋ ಗೊತ್ತಿಲ್ಲ.

ಇವತ್ತು ಕೇಂದ್ರಕ್ಕೆ ನೆಕ್ರಾಜೆ ಕಡೆಯ ಒಬ್ಬ ಹೆಂಗಸು ಬಂದಿದ್ದರು, ಹೆಸರು ಬರೆಯುವುದಿಲ್ಲ. ಅವರಿಗೆ ಎಲ್ಲವನ್ನೂ ಹೇಳಿದೆ.

"ಬೀಗ ಎಂತದ್ದೋ ನನಗೆ ಅರ್ಥ ಆಗುವುದಿಲ್ಲ. ನನ್ನದನ್ನು ಯಾರಾದರೂ ಓದಿದರಾ? ಅಷ್ಟು ಹೇಳಿ," ಎಂದರು.

ಗೊತ್ತಿಲ್ಲ ಎಂದೆ. ಅವರು ಎದ್ದು ಹೋಗಲಿಲ್ಲ. ಅರ್ಧ ಗಂಟೆ ಕೂತು ಬಸ್ಸಿನ ರಶ್ಶಿನ ಬಗ್ಗೆ ಮಾತ್ರ ಮಾತಾಡಿದರು. ಹೊರಡುವಾಗ, "ಮುಂದಿನ ಬುಧವಾರ ಬರುತ್ತೇನೆ. ಎಂತದನ್ನೂ ಬರೆದಿಡಬೇಡಿ," ಎಂದರು. ಅದು ನಂಬಿಕೆಯೋ ಅಲ್ಲವೋ, ನನಗೆ ತಿಳಿಯುತ್ತಿಲ್ಲ.

ಬೀಗ ಬೀಳದಿದ್ದರೆ ಪ್ರೋಗ್ರಾಂ ಅಲ್ಲಿಗೇ ನಿಲ್ಲುವ ಹಾಗೆ ಮಾಡಿಕೊಡಿ. ಆ ಲ್ಯಾಪ್‌ಟಾಪಿನಲ್ಲಿ ಮಾತು ಇರುವ ಇನ್ನೂ ಹದಿನೇಳು ಜನರಿಗೆ ಇದನ್ನು ಹೇಳಲಿಕ್ಕುಂಟು. ಆಗ ನೀವೂ ಬಂದು ನನ್ನ ಪಕ್ಕದಲ್ಲಿ ಕೂರಬಹುದಾ ಸರ್?

ನಿಮ್ಮ ವಿದ್ಯಾರ್ಥಿನಿ,
ಅಕ್ಷಯಾ