ಅಳಿಯನನ್ನು ಸೋಲಿಸಲು ಕಲಿತ ಆಟಗಳು

ತಮ್ಮಾ ಸ್ಟ್ಯಾನಿ,

ವಾಮಂಜೂರಿನ ಮನೆಯಿಂದ ನೀನು ಬಾಯ್ ಎಂದು ಕರೆಯುತ್ತಿದ್ದ ಅಕ್ಕ ಹಿಲ್ಡಾ ಬರೆಯುವುದು. ನೀನು ದೋಹಾದಲ್ಲಿದ್ದಾಗ ಬರೆಯುತ್ತಿದ್ದ ಹಾಗೆ ಇದನ್ನೂ ಕನ್ನಡದಲ್ಲೇ ಬರೆಯುತ್ತೇನೆ. ನಾವಿಬ್ಬರೂ ಜಗಳವಾಡಿದ್ದು ಕೊಂಕಣಿಯಲ್ಲಿ, ಆದರೆ ನನ್ನ ಕೈ ಓಡುವುದು ಏಳನೇ ಕ್ಲಾಸಿನವರೆಗೆ ಕಲಿತ ಈ ಭಾಷೆಯಲ್ಲಿ ಮಾತ್ರ. ಕ್ಷೇಮವೇ ಎಂದು ಕೇಳುವುದಿಲ್ಲ. ನೀನಿರುವ ಕಡೆ ಕ್ಷೇಮಕ್ಕೆ ಏನು ಕೊರತೆ? ಇಲ್ಲಿಯ ಸುದ್ದಿ ಒಂದೇ. ಒಬ್ಬನ ಮೇಲೆ ಸೇಡು ತೀರಿಸಿಕೊಳ್ಳಬೇಕೆಂದು, ಅರವತ್ತೆಂಟು ವರ್ಷದ ನಾನು, ನಿನ್ನ ವಿಡಿಯೋ ಗೇಮಿನ ಪೆಟ್ಟಿಗೆಯ ಮುಂದೆ ಐದು ತಿಂಗಳು ಕೂತೆ.

ನೀನು ತೀರಿಹೋಗಿ ತಿಂಗಳಾದ ಪೂಜೆಯ ದಿನ ಇಗರ್ಜಿಯಿಂದ ಬಂದು ಎಲ್ಲರೂ ಊಟಕ್ಕೆ ಕೂತಿದ್ದರು. ನನ್ನ ಮಗಳು ಲವೀನಾ ಬಡಿಸುತ್ತಿದ್ದಳು. ಅವಳ ಗಂಡ, ನಮ್ಮ ಮನೆಯ ಏಕೈಕ ಅಳಿಯ ವಿಲ್ಸನ್, ಯಾವಾಗಿನಂತೆ ಫ್ಯಾನಿನ ಕೆಳಗೆ. ಯಾರೋ ನಿನ್ನ ಆಟದ ಹುಚ್ಚಿನ ಮಾತು ತೆಗೆದರು. ಹೆಂಡತಿಯ ಸೋದರಮಾವನಾದ ನಿನ್ನನ್ನು ಮಾಮ್ ಎನ್ನುವ ವಿಲ್ಸನ್ ನಕ್ಕ. "ಮಾಮ್ ಪಾಪದವರು. ಹನ್ನೊಂದು ವರ್ಷದಲ್ಲಿ ನನ್ನ ಮೇಲೆ ಒಂದೇ ಒಂದು ಸಲ ಗೆದ್ದದ್ದು, ಅದೂ ಯಾವ ಗುಂಡಿ ಯಾವುದಕ್ಕೆ ಅಂತ ನನಗೆ ಗೊತ್ತಾಗುವ ಮೊದಲು. ಆಟದಲ್ಲಿಯೂ ಹಾಗೆ, ಬದುಕಲ್ಲಿಯೂ ಹಾಗೆ. ಮದುವೆ ಇಲ್ಲ, ಮನೆ ಇಲ್ಲ..." ಜನ ನಕ್ಕರು, ಸ್ಟ್ಯಾನಿ. ನಿನ್ನ ಪೂಜೆಯ ಊಟ ಉಣ್ಣುತ್ತಾ ನಕ್ಕರು. ನನ್ನ ಕೈಯಲ್ಲಿ ಸಾರಿನ ಪಾತ್ರೆ ಇತ್ತು. ಅದನ್ನು ಅವನ ತಲೆಯ ಮೇಲೆ... ಇರಲಿ. ಕೈ ತೊಳೆದ ಮೇಲೆ ಅವನು ಅತ್ತೆಯಾದ ನನಗೆ ಹೇಳಿದ, "ಮಾಂಯ್, ಆ ಗೇಮ್ ನಾನು ತೆಗೆದುಕೊಂಡು ಹೋಗ್ತೇನೆ. ಮಾಮ್‌ನ ನೆನಪಿಗೆ." ಅಳಿಯ ಕೇಳಿದ್ದಕ್ಕೆ ಈ ಮನೆಯಲ್ಲಿ ಯಾವಾಗಲಾದರೂ ಇಲ್ಲ ಎಂದದ್ದುಂಟೇ? ಆ ದಿನ ಎಂದೆ. "ಇಲ್ಲ. ಅದು ನನಗೆ ಬೇಕು."

"ನಿಮಗೆ ಎಂತಕ್ಕೆ?"

"ಆಡಲಿಕ್ಕೆ."

ಮತ್ತೊಮ್ಮೆ ನಕ್ಕರು.

ಹನ್ನೊಂದು ವರ್ಷದ ಹಿಂದಿನ ತೆನೆ ಹಬ್ಬ ನಿನಗೆ ನೆನಪಿರಬೇಕು. ಮದುವೆಯಾದ ಮೇಲೆ ವಿಲ್ಸನ್ ಮೊದಲ ಸಲ ಹಬ್ಬಕ್ಕೆ ಬಂದಿದ್ದ. ಹೊಸ ಅಕ್ಕಿಯ ಪಾಯಸ ಮೊದಲು ಅವನಿಗೆ, ಕೈ ಇರುವ ಕುರ್ಚಿ ಅವನಿಗೆ, ಬಾಳೆ ಎಲೆಯಲ್ಲಿ ದೊಡ್ಡದು ಅವನಿಗೆ. ಊಟವಾದ ಮೇಲೆ ನೀನು ಸಂತೋಷದಿಂದ ಆ ಹೊಡೆದಾಟದ ಗೇಮ್ ಹಾಕಿ, ಹತ್ತು ಎಣಿಸುವಷ್ಟರಲ್ಲಿ ಅವನನ್ನು ನೆಲಕ್ಕೆ ಮಲಗಿಸಿದೆ. ಅವನ ಮುಖ ಕೆಂಪಾದದ್ದನ್ನು ಬಾಗಿಲಿನಿಂದ ನೋಡಿ, ನಿನ್ನನ್ನು ಅಡುಗೆಮನೆಗೆ ಕರೆದವಳು ನಾನೇ.

"ಎಂತ ಮಾರಾಯ ನೀನು? ಅಳಿಯ ಅವನು. ಸೋತುಬಿಡು."

"ಸುಳ್ಳು ಸುಳ್ಳು ಸೋಲಲಿಕ್ಕೆ ನನಗೆ ಬರುವುದಿಲ್ಲ, ಬಾಯ್."

"ಬಾರದಿದ್ದರೆ ಕಲಿ."

ನೀನು ಕಲಿತೆ. ಆ ಒಂದು ದಿನಕ್ಕೆಂದು ನಾನು ಹೇಳಿದ್ದೆ. ಆಮೇಲೆ ಸಾಕು ಎಂದು ನಾನು ಹೇಳಲಿಲ್ಲ, ಸಾಕಾ ಎಂದು ನೀನು ಕೇಳಲಿಲ್ಲ. ಪ್ರತಿ ವರ್ಷ ಅವನು ಕಾಟಿಪಳ್ಳದಿಂದ ಬಂದ, ಉಂಡ, ಗೆದ್ದ, ನಿನ್ನ ಬೆನ್ನು ತಟ್ಟಿ ಹೋದ. ನೀನು ಚಹಾ ಕುಡಿಯುತ್ತಾ ನನ್ನ ಕಡೆ ಒಂದು ನೋಟ ನೋಡುತ್ತಿದ್ದೆ. ಆ ನೋಟದಲ್ಲಿ ನಗು ಇತ್ತು ಎಂದುಕೊಂಡಿದ್ದೆ. ಬರೀ ನಗುವೇ ಇತ್ತಾ?

ನೀನು ಹೋದ ಮೇಲೆ ಮೊದಲ ಸಲ ಆ ಕಂಟ್ರೋಲರನ್ನು ಕೈಯಲ್ಲಿ ಹಿಡಿದದ್ದು ಮಧ್ಯಾಹ್ನ ಮೂರು ಗಂಟೆಗೆ, ಹೊಲಿಗೆ ಮೆಷಿನಿಗೆ ಬಟ್ಟೆ ಮುಚ್ಚಿ. ಮೊದಲು ಸಿಕ್ಕಿದ್ದು ಮೇಲಿನಿಂದ ಇಟ್ಟಿಗೆ ಬೀಳುವ ಆಟ. ಇಷ್ಟು ಸುಲಭದ ಆಟಕ್ಕೆ ಜನ ಯಾಕೆ ಬೆವರುತ್ತಾರೆ? ಒಂದೂವರೆ ಮೀಟರ್ ಬಟ್ಟೆಯಲ್ಲಿ ಎರಡು ರವಿಕೆ ತೆಗೆದವಳಿಗೆ ಮೂಲೆ ತುಂಬುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೂರೇ ದಿನದಲ್ಲಿ ನಿನ್ನ ಅಂಕ ದಾಟಿದೆ. ಕೋಪ ಮಾಡಬೇಡ. ಆದರೆ ಆ ಆಟದಲ್ಲಿ ಎದುರಿಗೆ ಯಾರೂ ಇಲ್ಲ, ಸ್ಟ್ಯಾನಿ. ಸೇಡು ಇಟ್ಟುಕೊಂಡವಳು ಇಟ್ಟಿಗೆಯ ಮೇಲೆ ಎಷ್ಟು ದಿನ ತೀರಿಸಿಕೊಳ್ಳುವುದು?

ಬಂದರಿನ ಗೋದಾಮಿನ ಕೆಲಸ ಮುಗಿಸಿ ಬಂದು, ಅಂಗಿಯಲ್ಲಿ ಒಣಮೆಣಸಿನ ಘಾಟು ಇರುವಾಗಲೇ, ನೀನು ಕಾರಿನ ರೇಸ್ ಆಡುತ್ತಿದ್ದೆ. ನಾನೂ ಆಡಿ ನೋಡಿದೆ. ಹೊಂಡವಿಲ್ಲದ ರಸ್ತೆ, ಅಡ್ಡ ಬರುವ ದನವಿಲ್ಲ, ಹಾರ್ನ್ ಹಾಕುವ ಬಸ್ಸಿಲ್ಲ. ಇದರಲ್ಲಿ ವೇಗವಾಗಿ ಹೋಗುವುದು ಎಂತ ದೊಡ್ಡ ಸಂಗತಿ? ಗೋಡೆಗೆ ಗುದ್ದಿದರೂ ಏನೂ ಆಗುವುದಿಲ್ಲ. ಏನೂ ಆಗದಿದ್ದರೆ ಬ್ರೇಕ್ ಯಾಕೆ ಕೊಟ್ಟಿದ್ದಾರೆ? ಬಂದೂಕಿನ ಆಟಕ್ಕೆ ಒಂದು ವಾರ ಕೊಟ್ಟೆ. ತಲೆ ತಿರುಗಿ ಎರಡು ಸಲ ಲಿಂಬೆ ಶರಬತ್ತು ಕುಡಿಯಬೇಕಾಯಿತು. ಅಲ್ಲಿ ನನ್ನನ್ನು ಕೊಂದವರು ಯಾರೆಂದು ಕಾಣುವುದೇ ಇಲ್ಲ, ಎಲ್ಲೋ ಕಿಟಕಿಯ ಹಿಂದೆ. ಮುಖ ತೋರಿಸದೆ ಹೊಡೆಯುವುದು ನನಗೆ ಹಿಡಿಸಲಿಲ್ಲ. ವಿಲ್ಸನನಿಗೆ ನನ್ನ ಮುಖ ಕಾಣಬೇಕಿತ್ತು.

ಒಂದು ದಿನ ನೀನು ಊಟಕ್ಕೆ ಕರೆದರೆ ಬಾರದೆ, "ಈಗ ಬಂದೆ, ಗದ್ದೆಗೆ ನೀರು ಬಿಡ್ಲಿಕ್ಕುಂಟು" ಎಂದಿದ್ದೆ. ನಾನು ಹೆದರಿ ಹೊರಗೆ ಬಂದು ನೋಡಿದರೆ ಟೀವಿಯಲ್ಲಿ ಗದ್ದೆ! ಆ ಬೇಸಾಯದ ಆಟದ ಬಗ್ಗೆ ನನಗೆ ತಕರಾರು ಉಂಟು. ಹಂದಿ ಬರುವುದಿಲ್ಲ, ನವಿಲು ಬರುವುದಿಲ್ಲ, ಕೆಲಸದವರು ಕೈಕೊಡುವುದಿಲ್ಲ. ನಮ್ಮ ಸುತ್ತಿನ ಗದ್ದೆಗಳೆಲ್ಲ ಮನೆ, ಕಾಲೇಜು ಆದ ಮೇಲೆ ಇದೊಂದು ಗದ್ದೆ ಉಳಿದದ್ದು ಎಂದು ನೀನು ಹೇಳುತ್ತಿದ್ದೆ. ಅದಕ್ಕಾಗಿ ದಿನಕ್ಕೊಮ್ಮೆ ಹೋಗಿ ನೀರು ಹಾಕಿ ಬರುತ್ತಿದ್ದೇನೆ. ಆದರೆ ಅಲ್ಲಿ ಹತ್ತು ನಿಮಿಷ ಹೆಚ್ಚು ಕೂತರೆ ಸಿಟ್ಟು ಇಳಿಯುತ್ತದೆ. ನನಗೆ ಆಗ ಸಿಟ್ಟು ಬೇಕಿತ್ತು. ಕುದುರೆ, ಕತ್ತಿ, ದೊಡ್ಡ ಕಥೆ ಇರುವ ಆಟವೂ ಹಾಗೆಯೇ. ಅಪ್ಪನನ್ನು ಕೊಂದವನನ್ನು ಹುಡುಕಿ ಹೊರಟ ಮನುಷ್ಯ ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಸೊಪ್ಪು ಕಿತ್ತು ಕೊಡುತ್ತಾ, ಕಳೆದ ಆಡು ಹುಡುಕುತ್ತಾ ತಿರುಗುತ್ತಾನೆ. ಇವನಿಗೆ ನಿಜವಾಗಿ ಸಿಟ್ಟು ಬಂದಿದೆಯಾ? ಅರ್ಧಕ್ಕೇ ಬಿಟ್ಟೆ.

ಉಳಿದದ್ದು ಹೊಡೆದಾಟದ ಗೇಮ್. ವಿಲ್ಸನ್ ನಿನ್ನನ್ನು ಸೋಲಿಸಿದ್ದೇನೆ ಎಂದುಕೊಂಡಿರುವ ಅದೇ ಗೇಮ್. ಮದುವೆಗೆ ಮೊದಲು ಒಮ್ಮೆ ಲವೀನಾ ಅದನ್ನು ಆಡಲು ಕೂತಾಗ ನೀನು ಅವಳ ಹೆಬ್ಬೆರಳು ಹಿಡಿದು, "ಒತ್ತುವುದು ಎಲ್ಲರಿಗೂ ಬರ್ತದೆ, ಒತ್ತದೆ ಇರ್ಲಿಕ್ಕೆ ಕಲಿ" ಎಂದಿದ್ದೆ. ನಾನು ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತಾ ಕೇಳಿಸಿಕೊಂಡಿದ್ದೆ. ಎಲ್ಲ ಆಟಗಳಲ್ಲಿ ನನಗೆ ಮರ್ಯಾದೆ ಇರುವುದು ಈಗ ಇದೊಂದರ ಮೇಲೆ. ಇಬ್ಬರೇ ಇರುತ್ತಾರೆ, ಎದುರೆದುರು ನಿಲ್ಲುತ್ತಾರೆ. ಓಡಲು ಜಾಗವಿಲ್ಲ, ದೂರಲು ಜೊತೆಗಾರನಿಲ್ಲ. ತಡೆಯುವ ಗುಂಡಿ ಒಂದುಂಟು, ಅದನ್ನು ಹಿಡಿದು ಕಾದರೆ ಎದುರಿನವನೇ ತಾಳ್ಮೆ ಕಳೆದುಕೊಂಡು ಬಾಗಿಲು ತೆರೆಯುತ್ತಾನೆ. ಆಗ ಹೊಡೆಯಬೇಕು.

ಇಂಟರ್ನೆಟ್ಟಿಗೆ ಹೇಗೆ ಹೋಗುವುದೆಂದು ಒತ್ತಿ ಒತ್ತಿ ಕಲಿತ ದಿನ ಒಂದು ತಮಾಷೆ ಆಯಿತು. ನಾನು ನಿನ್ನ ಹೆಸರಿನಲ್ಲೇ ಒಳಗೆ ಹೋಗಿದ್ದೆ. ಯಾವುದೋ ಊರಿನ ಇಬ್ಬರು ಆ ಹೆಸರು ನೋಡಿದ ಕೂಡಲೇ ಆಟ ಬಿಟ್ಟು ಓಡಿದರು! ಮೂರನೆಯವನು ನಿಂತು ಆಡಿ, ನನ್ನನ್ನು ಚಟ್ನಿ ಮಾಡಿ, ಇಂಗ್ಲಿಷಿನಲ್ಲಿ ಬರೆದ. ಇಷ್ಟು ದಿನ ಎಲ್ಲಿದ್ದೆ, ನಿನಗೆ ಏನಾಗಿದೆ, ಆಟವೇ ಮರೆತಿದ್ದೀಯಲ್ಲ ಎಂದು. ಏನು ಉತ್ತರ ಕೊಡಲಿ? ಹುಷಾರಿಲ್ಲ ಎಂದು ಬರೆದೆ. ಆದರೆ ಆ ಸಂಜೆ ನನಗೆ ಒಂದು ಸಂಗತಿ ಖಚಿತವಾಯಿತು. ಹೊರಗೆ ಜನ ಹೆದರುತ್ತಿದ್ದ ಆಟಗಾರನನ್ನು ನಾನು ಮನೆಯಲ್ಲಿ ಒಬ್ಬ ಅಳಿಯನ ಮುಖ ಕೆಂಪಾಗಬಾರದೆಂದು...

ಹೋದ ತಿಂಗಳ ತೆನೆ ಹಬ್ಬಕ್ಕೆ ವಿಲ್ಸನ್ ಬಂದ. ನಾನು ಮರ್ಯಾದೆಯಲ್ಲಿ ಒಂದೂ ಕಡಿಮೆ ಮಾಡಲಿಲ್ಲ. ಪಾಯಸ ಮೊದಲು ಅವನಿಗೇ ಬಡಿಸಿದೆ. ಏಳು ಬಗೆಯ ತರಕಾರಿ ಉಂಡು ಎಲ್ಲರೂ ಹೊರಗಿನ ಕೋಣೆಗೆ ಬಂದಾಗ ಕೇಳಿದೆ, "ವಿಲ್ಸನ್, ಒಂದು ಆಟ ಆಡುವನಾ?"

"ನಿಮ್ಮೊಟ್ಟಿಗಾ ಮಾಂಯ್? ಯಾವ ಗುಂಡಿ ಯಾವುದಕ್ಕೆ ಅಂತ ಗೊತ್ತುಂಟಾ?"

"ಅಂಗಿಯದ್ದು ಗೊತ್ತುಂಟು. ಇದನ್ನು ನೀವು ಹೇಳಿಕೊಡಿ."

ನೆಂಟರೆಲ್ಲ ಕುರ್ಚಿ ಎಳೆದುಕೊಂಡರು. ಹನ್ನೊಂದು ವರ್ಷ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತವಳಿಗೆ ಅವನ ಆಟ ಬಾಯಿಪಾಠ ಆಗಿತ್ತು. ಶುರುವಾದ ಕೂಡಲೇ ಹಾರಿ ಒದೆಯುತ್ತಾನೆ. ಎರಡು ಪೆಟ್ಟು ತಗುಲಿದರೆ ಗಾಬರಿಯಾಗಿ ಅದೇ ದೊಡ್ಡ ಹೊಡೆತಕ್ಕೆ ಕೈ ಹಾಕುತ್ತಾನೆ. ಹಾರಿದ, ತಡೆದೆ, ಹೊಡೆದೆ. ಪುನಃ ಹಾರಿದ. ಮೂರು ಸುತ್ತಿನಲ್ಲಿ ಎರಡು ಗೆದ್ದರೆ ಆಟ ಮುಗಿಯಿತಲ್ಲ, ನಾನು ಎರಡನ್ನೂ ಗೆದ್ದೆ. ಲವೀನಾ ನನ್ನನ್ನು ನೋಡಿ ಕಣ್ಣಲ್ಲೇ ಬಿಡಿ ಮಮ್ಮಿ ಎನ್ನುತ್ತಿದ್ದಳು. ನಾನು ಅವಳ ಕಡೆ ತಿರುಗಲೇ ಇಲ್ಲ.

ಆಗ ಅವನೇನು ಮಾಡಿದ ಗೊತ್ತುಂಟಾ? ಕಂಟ್ರೋಲರ್ ಕೆಳಗಿಟ್ಟು, ಕೈ ಮುಗಿದು, "ಹಿರಿಯರಲ್ವಾ, ಬಿಟ್ಟುಕೊಟ್ಟೆ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗಲ್ಲ, ಅವನಿಗೆ! ಎಂಥ ಒಳ್ಳೆಯ ಅಳಿಯ ಎಂದರು. ಐದು ತಿಂಗಳ ನನ್ನ ಬೆರಳಿನ ನೋವನ್ನು ಅವನು ಒಂದೇ ಮಾತಿನಲ್ಲಿ ತನ್ನ ಒಳ್ಳೆಯತನ ಮಾಡಿಕೊಂಡ.

"ಬಿಟ್ಟುಕೊಟ್ಟವರು ಬಿಟ್ಟುಕೊಟ್ಟೆ ಅಂತ ಹೇಳುವುದಿಲ್ಲ, ವಿಲ್ಸನ್" ಎಂದೆ. "ಈ ಮನೆಯಲ್ಲಿ ಒಬ್ಬ ಹನ್ನೊಂದು ವರ್ಷ ನಿಮಗೆ ಬಿಟ್ಟುಕೊಟ್ಟ. ಒಂದು ದಿನವೂ ಬಾಯಿ ಬಿಡಲಿಲ್ಲ." ಚಪ್ಪಾಳೆ ನಿಂತಿತು. ಅಡುಗೆಮನೆಯಲ್ಲಿ ನಿನಗೆ ಹೇಳಿದ ಮಾತನ್ನು ಎಲ್ಲರೆದುರು ಹೇಳಿದೆ. ಸೋಲು ಎಂದು ಹೇಳಿದ್ದು, ಬಾರದಿದ್ದರೆ ಕಲಿ ಎಂದದ್ದು, ಎಲ್ಲ.

ಅವನು ನಗಲು ನೋಡಿದ. "ಸತ್ತವರ ಹೆಸರಲ್ಲಿ ಈಗ ಎಂತ ಬೇಕಾದರೂ ಹೇಳಬಹುದು, ಮಾಂಯ್."

ಆಗ ಬಾಯಿ ತೆರೆದದ್ದು ನಾನಲ್ಲ, ನಿನ್ನ ಸೋದರಸೊಸೆ. ಲವೀನಾ ಎದ್ದು ಬಂದು ಕಂಟ್ರೋಲರನ್ನು ತೆಗೆದು ಗಂಡನ ಮಡಿಲಲ್ಲಿ ಇಟ್ಟಳು. "ಹಾಗಾದ್ರೆ ಬಿಟ್ಟುಕೊಡದೆ ಆಡಿ. ನಾನಿಲ್ಲೇ ಕೂತು ನೋಡ್ತೇನೆ."

ಐದು ಆಟ ಆಡಿದೆವು, ಸ್ಟ್ಯಾನಿ. ಈ ಸಲ ಅವನು ನಿಜವಾಗಿ ಆಡಿದ, ಕುರ್ಚಿಯ ತುದಿಗೆ ಬಂದು, ಹಲ್ಲು ಕಚ್ಚಿ, ಅಂಗಿಯ ಬೆನ್ನು ಒದ್ದೆ ಮಾಡಿಕೊಂಡು. ಮೂರನೆಯದರಲ್ಲಿ ನನ್ನ ಬಲಗೈ ಹೆಬ್ಬೆರಳು ಹಿಡಿದುಕೊಂಡಿತು. ಸೋತೇ ಹೋದೆ ಎಂದುಕೊಂಡು ತೋರುಬೆರಳಿನಲ್ಲಿ ಒತ್ತಿದೆ. ಐದನ್ನೂ ಗೆದ್ದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವನು ಜಗಲಿಗೆ ಹೋಗಿ ಸುಮಾರು ಹೊತ್ತು ನಿಂತಿದ್ದ. ಹೊರಡುವಾಗ ಚಪ್ಪಲಿ ಹಾಕುತ್ತಾ, ನನ್ನ ಮುಖ ನೋಡದೆ ಕೇಳಿದ, "ಮಾಮ್ ನಿಜವಾಗಿ ಅಷ್ಟು ಚೆನ್ನಾಗಿ ಆಡ್ತಿದ್ರಾ?"

"ಅವನ ಅರ್ಧವೂ ನನಗೆ ಬಂದಿಲ್ಲ" ಎಂದೆ. ಕರುಣೆ ಬಂತಾ ಎಂದು ನೀನು ಕೇಳುವೆ. ಇಲ್ಲ. ಮದುವೆ ಇಲ್ಲ ಮನೆ ಇಲ್ಲ ಎಂದ ಬಾಯಿಯಿಂದ ಆ ಪ್ರಶ್ನೆ ಬಂದದ್ದು ಕೇಳಿ ಪಾಯಸಕ್ಕಿಂತ ಸಿಹಿಯಾಯಿತು.

ಮರುವಾರ ಪಾಪನಿವೇದನೆಗೆ ಹೋಗಿ, ಅಳಿಯನನ್ನು ಹನ್ನೆರಡು ಸಲ ಹೊಡೆದು ಕೆಡವಿದೆ ಎಂದೆ. ಫಾದರ್ ಗಾಬರಿಯಾದರು. "ಎಂತ! ಎಲ್ಲಿ?" "ಟೀವಿಯಲ್ಲಿ, ಫಾದರ್." ಆಮೇಲೆ ಕೇಳಿದರು, ಪಶ್ಚಾತ್ತಾಪ ಉಂಟಾ ಎಂದು. ಅದಕ್ಕೆ ಇಲ್ಲ ಎಂದೆ. ಪಶ್ಚಾತ್ತಾಪ ಇರುವುದು ಅಡುಗೆಮನೆಯ ಮಾತಿಗೆ ಎಂದು ಹೇಳಲು ಹೊರಟವಳು ಶಿಲುಬೆಯ ಗುರುತು ಹಾಕಿ ಎದ್ದು ಬಂದೆ. ಅವರಿಗೆ ಹೇಳಲಾಗದ್ದನ್ನು ನಿನಗೇ ಹೇಳುತ್ತೇನೆ. ವಿಲ್ಸನ್ ನಿನ್ನನ್ನು ಸೋತವನೆಂದ. ಆದರೆ ಸೋಲಿಸಿದವಳು ನಾನು. ಅವನ ಮೇಲೆ ತೀರಿಸಿಕೊಂಡ ಸೇಡಿನಲ್ಲಿ ಅರ್ಧ ನನ್ನ ಮೇಲಿನದ್ದೇ.

ನಿನ್ನೆ ಲವೀನಾ ಫೋನ್ ಮಾಡಿದ್ದಳು. ವಿಲ್ಸನ್ ಅದೇ ಪೆಟ್ಟಿಗೆ, ಅದೇ ಗೇಮ್ ಕೊಂಡು ತಂದಿದ್ದಾನಂತೆ. ಕೆಲಸದಿಂದ ಬಂದವನು ಬಟ್ಟೆ ಬದಲಿಸುವುದೂ ಇಲ್ಲವಂತೆ. "ಮುಂದಿನ ಹಬ್ಬಕ್ಕೆ ನಿಮ್ಮನ್ನು ಬಿಡುವುದಿಲ್ಲವಂತೆ ಮಮ್ಮಿ" ಎಂದು ನಗುತ್ತಿದ್ದಳು. ಬಿಡದೆ ಇರಲಿ. ನಾನೂ ಬಿಡುವವಳಲ್ಲ. ನೀನು ಹನ್ನೊಂದು ಹಬ್ಬ ಸೋತಿದ್ದೀಯ, ನಾನು ಒಂದು ಗೆದ್ದಿದ್ದೇನೆ. ಇನ್ನು ಹತ್ತು ಉಂಟು. ಅದು ಮುಗಿಯುವಾಗ ನನಗೆ ಎಪ್ಪತ್ತೆಂಟು. ಅಲ್ಲಿಯವರೆಗೆ, ಸ್ಟ್ಯಾನಿ, ಅಕ್ಕನನ್ನು ಆ ಕಡೆಗೆ ಕರೆಯಬೇಡ. ಬೇರೆ ಯಾರಾದರೂ ಕರೆದರೂ, ಅವಳು ಆಟದಲ್ಲಿದ್ದಾಳೆ ಎಂದು ಹೇಳು.

ನಿನ್ನ ಬಾಯ್,
ಹಿಲ್ಡಾ