ಚರಂಡಿಗೆ ಎಸೆದ ಮಾತ್ರೆ

ಪಾಲಾಕ್ಷ,

ನಿನ್ನ ಹೆಂಡತಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಅಡುಗೆ ಮಾಡಿಲ್ಲ. ಹಾಲಿನವನಿಗೆ ನಾಳೆಯಿಂದ ಅರ್ಧ ಲೀಟರ್ ಸಾಕು ಎನ್ನು.

ಬಸುರಿಯಾದರೂ ಮಾತ್ರೆ ನಿಲ್ಲಿಸಬೇಡಿ ಎಂದು ಡಾಕ್ಟರು ನಿನ್ನೆದುರೇ ಹೇಳಿದ್ದರು. ನೀನು "ಹುಚ್ಚಿನ ಗುಳಿಗಿ ನನ್ನ ಕೂಸಿಗೆ ಬ್ಯಾಡ" ಎಂದು ಚರಂಡಿಗೆ ಎಸೆದೆ. ಈಗ ಮತ್ತೆ ಮತ್ತೆ ಕೈ ತೊಳೆಯದಿದ್ದರೆ ಕೂಸಿಗೆ ಏನೋ ಆಗುತ್ತದೆ ಎಂಬ ಭಯ ಅವಳನ್ನು ಬಿಡುತ್ತಿಲ್ಲ. ಚರ್ಮ ಬಿರಿದು ರಕ್ತ ಬರುತ್ತಿದೆ. ಅದು ಕಾಯಿಲೆ, ಮಡಿಯಲ್ಲ. ನೀನು ನಲ್ಲಿ ಬಂದ್ ಮಾಡಿ ನಕ್ಕೆ; ಪಕ್ಕದ ಮನೆಯ ಭರಮಮ್ಮ ಒಂದು ಮಾತೂ ಕೇಳದೆ ಅವಳ ಕೈಗೆ ಕೊಬ್ಬರಿ ಎಣ್ಣೆ ಸವರಿದಳು.

ಡಾಕ್ಟರಲ್ಲಿಂದ ನೇರ ಹಂಪಸಾಗರಕ್ಕೆ, ಅವಳ ತವರಿಗೆ ಹೋಗುತ್ತೇವೆ. "ಅತ್ತಿ, ನೀವೂ ಬರ್ರಿ" ಎಂದಳು. ಹೆರಿಗೆಯವರೆಗೂ ಅಲ್ಲೇ ಇರುತ್ತೇನೆ.

ನೀನು ಅಲ್ಲಿಗೆ ಬರುವ ಮೊದಲು ಆ ಡಾಕ್ಟರ ಮುಂದೆ ಕುಳಿತು, ಮಾಡಿದ್ದನ್ನು ನಿನ್ನ ಬಾಯಿಂದಲೇ ಹೇಳು. ಆ ಮನೆಯ ಬಾಗಿಲು ತೆರೆಯುವವಳು ನಾನೇ; ಅಲ್ಲಿಯವರೆಗೆ ನಿನಗೆ ತೆರೆಯುವುದಿಲ್ಲ.

ಅವ್ವ