ಅದು ಯಾವ ಮಾತ್ರೆ

ಮಾರ್ಚ್ 4, ರಾತ್ರಿ 1.10

ಡ್ಯೂಟಿ ಮುಗೀತು. ಕಾಲು ಸೇದ್ತಿದೆ. ರೂಮಲ್ಲಿ ಡ್ರೈವರ್ ಅಣ್ಣನ ಗೊರಕೆ. ಅದಕ್ಕೇ ಬಚ್ಚಲಲ್ಲಿ ಕೂತು ಫೋನಿಗೆ ಹೇಳ್ತಿದೀನಿ. ಬರೆಯೋಕೆ ಸೋಮಾರಿತನ.

ವೃದ್ಧಾಶ್ರಮದಲ್ಲಿ ಇವತ್ತೂ ಮೇಷ್ಟ್ರದ್ದೇ ಗಲಾಟೆ. ಕೊನೇ ರೂಮಿನ ಮುದುಕರು. ಮೊದಲು ಎಂಥ ಮರ್ಯಾದಸ್ಥರು... ಈಗ ನರ್ಸುಗಳು ಆ ರೂಮಿಗೆ ಒಬ್ಬೊಬ್ಬರೇ ಹೋಗಲ್ಲ. ಸ್ನಾನ ಮಾಡಿಸೋಕೆ ನನ್ನನ್ನೇ ತಳ್ತಾರೆ. ಬೆಳಿಗ್ಗೆ ಸಿಸ್ಟರ್ ಸೊಂಟಕ್ಕೆ ಕೈ ಹಾಕಿದ್ರಂತೆ.

"ಕೈ ನಡುಗುತ್ತೆ, ಚಪಲ ಮಾತ್ರ ನಡುಗಲ್ಲ," ಅಂದ್ರು ಅಡುಗೆಯಮ್ಮ. ಎಲ್ಲ ನಕ್ಕರು. ನನಗೆ ಅಪ್ಪ ನೆನಪಾದ.

ಅಪ್ಪ... ಬೇಡ ಬಿಡು.

ಮಾರ್ಚ್ 5, ರಾತ್ರಿ

ನಿದ್ದೆ ಇಲ್ಲ. ಹೇಳೇಬಿಡ್ತೀನಿ. ಅಪ್ಪ ಟೈಲರ್. ಕೈ ನಡುಗೋ ಕಾಯಿಲೆ ಬಂತು. ಮಾತ್ರೆ ಕೊಟ್ರು, ನಡುಕ ನಿಂತಿತು. ವರ್ಷ ತುಂಬೋದ್ರೊಳಗೆ, ಅಳತೆ ಕೊಡೋಕೆ ಬಂದ ಹೆಂಗಸರ ಮೇಲೆ ಕೈ. ಒಬ್ಬಳು ಚಪ್ಪಲಿ ತಗೊಂಡಳು. ಬೀದಿ ಬೀದಿಯೇ ನಿಂತು ನೋಡ್ತು. ಅಮ್ಮ ಅವತ್ತೇ ಅವನ ಹಾಸಿಗೆ ಸುತ್ತಿ ಅಂಗಡಿಗೆ ಕಳಿಸಿದಳು. ಎರಡು ವರ್ಷದಿಂದ ಬಟ್ಟೆ ಕತ್ತರಿಸೋ ಮೇಜಿನ ಕೆಳಗೆ ಮಲಗ್ತಾನೆ.

ನಾನು ಇಲ್ಲಿಗೆ ಓಡಿಬಂದೆ. ಇಲ್ಲಿ ಯಾರೂ ನೀನು ಯಾರ ಮಗ ಅಂತ ಕೇಳಲ್ಲ.

ಮಾರ್ಚ್ 11

ಡಾಕ್ಟರು ಬಂದಿದ್ರು. ಮೇಷ್ಟ್ರ ಮಾತ್ರೆ ಡಬ್ಬಿ ತಿರುಗಿಸಿ ನೋಡಿ, "ಇದು ಅವರ ಗುಣ ಅಲ್ಲಪ್ಪ, ಮಾತ್ರೆ ಮಾಡಿಸ್ತಿರೋದು," ಅಂದ್ರು. ಮಿದುಳಲ್ಲಿ 'ಬೇಕು, ಬೇಕು' ಅನ್ನೋ ಒಂದು ಜಾಗ ಇದೆಯಂತೆ. ನಡುಕ ನಿಲ್ಲಿಸೋ ಔಷಧಿ ಕೆಲವರಿಗೆ ಅದನ್ನೂ ಕೆಣಕುತ್ತಂತೆ. ಒಬ್ಬರು ಜೂಜಿಗೆ ಬೀಳ್ತಾರೆ, ಒಬ್ಬರು ತಿಂದಿದ್ದೇ ತಿಂತಾರೆ, ಇವರಿಗೆ ಹೀಗೆ. ನಿಧಾನಕ್ಕೆ ಡೋಸ್ ಇಳಿಸೋಣ ಅಂದ್ರು. ಅಷ್ಟೇ. ಒಲೆ ಉರಿ ಸಣ್ಣ ಮಾಡಿದ ಹಾಗೆ.

ಅಡುಗೆಯಮ್ಮ, "ಅಯ್ಯೋ ಪಾಪ," ಅಂದ್ರು.

ಇವರಿಗೆ ಅಯ್ಯೋ ಪಾಪ. ನಮ್ಮಪ್ಪನಿಗೆ ಚಪ್ಪಲಿ.

ಅಕ್ಕನಿಗೆ ಫೋನ್ ಮಾಡಿ ಅಪ್ಪನ ಮಾತ್ರೆ ಫೋಟೋ ತರಿಸಿಕೊಂಡೆ. ಅದೇ ಹೆಸರು. ಮೊದಲು ಆಸ್ಪತ್ರೆಗೆ ಕರ್ಕೊಂಡು ಹೋಗು ಅಂದೆ. "ಮುದುಕರ ಚಡ್ಡಿ ಬದಲಾಯಿಸಿ ಬದಲಾಯಿಸಿ ನೀನೂ ಡಾಕ್ಟರ್ ಆಗ್ಬಿಟ್ಯಾ?" ಅಂದ್ಲು. ಆಮೇಲೆ ಅತ್ತಳು.

ಏಪ್ರಿಲ್ 20, ರಾತ್ರಿ 12.40

ಮೇಷ್ಟ್ರು ತಣ್ಣಗಾಗಿದ್ದಾರೆ. ಬೆನ್ನು ಉಜ್ಜುವಾಗ ಕೇಳಿದ್ರು, "ಆ ಸಿಸ್ಟರ್ ಇನ್ನೂ ಕೆಲಸಕ್ಕೆ ಬರ್ತಾರಾ?"

"ಬರ್ತಾರೆ ಸರ್. ನಿಮಗೆ ಅದೆಲ್ಲ ನೆನಪಿರಲ್ಲ ಬಿಡಿ."

"ಎಲ್ಲಾ ನೆನಪಿದೆ," ಅಂದ್ರು. ಗೋಡೆ ಕಡೆ ತಿರುಗಿದ್ರು.

ಅಕ್ಕ ಆಸ್ಪತ್ರೆಗೆ ಕರ್ಕೊಂಡು ಹೋಗಿ ಡೋಸ್ ಇಳಿಸಿದ ಮೇಲೆ ಅಪ್ಪನೂ ತಣ್ಣಗಾಗಿದ್ದಾನಂತೆ. ಕೈ ಮತ್ತೆ ನಡುಗುತ್ತಂತೆ, ಸೂಜಿಗೆ ದಾರ ಅಕ್ಕನೇ ಪೋಣಿಸಿಕೊಡ್ಬೇಕು. ಪರವಾಗಿಲ್ಲ. ಇನ್ನು ಅಮ್ಮ ಅವನನ್ನ ಮನೆಗೆ ಸೇರಿಸ್ಕೊಂಡ್ರೆ ಸಾಕು. ನಾಳೆ ಮಾತಾಡ್ತೀನಿ.

ಏಪ್ರಿಲ್ 21

ಮಾತಾಡಿದೆ.

"ಅಮ್ಮಾ, ಅವನ ತಪ್ಪಲ್ಲ, ಮಾತ್ರೆ ಮಾಡಿಸಿದ್ದು. ಮನೆಗೆ ಕರ್ಕೋ."

"ಅಲ್ಲಿನ ಡಾಕ್ಟರೂ ಅದನ್ನೇ ಹೇಳಿದ್ರು. ಒಪ್ಕೊಂಡೆ. ಆ ಹೆಂಗಸರ ವಿಷಯ ಬಿಟ್ಟುಬಿಟ್ಟೆ."

"ಮತ್ತೇನು?"

"ಮಾತ್ರೆ ಶುರುವಾಗಿ ಮೂರು ವರ್ಷ ಆಯ್ತು ಅಷ್ಟೇ. ಅದಕ್ಕೂ ಮುಂಚೆ, ಇಸ್ತ್ರಿ ಕಾದಿಲ್ಲ ಅಂತ ನನ್ನ ಕೆನ್ನೆ ಕಾಯಿಸ್ತಿದ್ರಲ್ಲ ನಿಮ್ಮಪ್ಪ, ಅದು ಯಾವ ಮಾತ್ರೆ?"

ನಾನು ಫೋನನ್ನ ಇನ್ನೊಂದು ಕಿವಿಗೆ ಹಿಡಿದೆ.

"ಊರ ಹೆಂಗಸರನ್ನ ಮುಟ್ಟಿದಾಗ ನಿಮಗೆಲ್ಲ ಮಾನ ಹೋಯ್ತು. ನನ್ನ ಮೇಲೆ ಕೈ ಎತ್ತಿದಾಗ ಟಿವಿ ಸೌಂಡ್ ಜಾಸ್ತಿ ಮಾಡ್ತಿದ್ರಿ ಅಕ್ಕ ತಮ್ಮ ಇಬ್ರೂ. ಹಾಸಿಗೆ ಸುತ್ತೋಕೆ ನನಗೊಂದು ನೆಪ ಬೇಕಿತ್ತು ಕಣೋ. ಸಿಕ್ತು."

ಫೋನ್ ಇಟ್ಟಳು.

ಏಪ್ರಿಲ್ 24, ರಾತ್ರಿ 2

ಡಾಕ್ಟರನ್ನ ಲಿಫ್ಟ್ ಹತ್ರ ಹಿಡಿದೆ. ಸಿಟ್ಟಿಗೂ ಮಿದುಳಲ್ಲಿ ಜಾಗ ಇದೆಯಾ ಸರ್?

"ಎಲ್ಲದಕ್ಕೂ ಇದೆ. ಪ್ರೀತಿಗೂ ಇದೆ."

"ಹಾಗಾದ್ರೆ ಯಾರನ್ನ ಬೈಯೋದು?"

"ನನ್ನನ್ನ ಬೈಬೇಡಪ್ಪ, ಲೇಟಾಯ್ತು," ಅಂತ ನಗ್ತಾ ಲಿಫ್ಟ್ ಹತ್ತಿದ್ರು.

ರೂಮಿಗೆ ಬಂದೆ. ಡ್ರೈವರ್ ಅಣ್ಣ, "ಏನೋ, ದಿನಾ ಬಚ್ಚಲಲ್ಲಿ ಕೂತು ಬಕೆಟ್ ಜೊತೆ ಸಂಸಾರ ಮಾಡ್ತೀಯಂತೆ?" ಅಂದ. ತಮಾಷೆಗೇ ಅಂದಿದ್ದು. ನಾನು ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ್ದೆ. ಹೇಗೆ ಹಿಡಿದೆ ಗೊತ್ತಿಲ್ಲ. ಅಷ್ಟರಲ್ಲಿ ಸದ್ದು ಕೇಳಿ ರೂಮಿನ ಓನರ್ ಬಾಗಿಲು ತಟ್ಟಿದ್ರು. ಬಿಟ್ಟೆ. "ಬನ್ನಿ ಸರ್," ಅಂತ ನಗುನಗ್ತಾ ಬಾಗಿಲು ತೆಗೆದೆ.

ಅಂಗೈ ಇನ್ನೂ ಬಿಸಿ ಇದೆ. ನಾನು ಯಾವ ಮಾತ್ರೆನೂ ತಗೊಳ್ಳಲ್ಲ.

ಮೇ 9, ರಾತ್ರಿ 11.50

ಅಪ್ಪನ ಜೊತೆ ಮಾತಾಡಿದೆ. ಅಂಗಡೀಲಿದ್ದ. ಫೋನೂ ಕೈಯಲ್ಲಿ ನಡುಗ್ತಿತ್ತೋ ಏನೋ, ದನಿ ಹತ್ರ ಬರೋದು, ದೂರ ಹೋಗೋದು.

"ಅಪ್ಪಾ, ಅಮ್ಮನಿಗೆ ಹೊಡೀತಿದ್ಯಲ್ಲ... ಅದೂ ಮಿದುಳಿಂದಾನೇ ಇರಬಹುದು. ಕಾಯಿಲೆ ಆಗಲೇ ಒಳಗೆ ಶುರುವಾಗಿತ್ತೇನೋ. ಹಾಗಂತ ಅಮ್ಮನಿಗೆ ಹೇಳ್ಲಾ? ಮನೆಗೆ ಸೇರಿಸ್ಕೋಬಹುದು."

ಆ ಕಡೆ ಕತ್ತರಿ ಬಿದ್ದ ಸದ್ದು.

"ಬೇಡ. ಆ ಹೆಂಗಸರನ್ನ ಮುಟ್ಟಿದಾಗ ಎದುರಿಗೆ ಅವರ ಗಂಡನೇ ನಿಂತಿದ್ರೂ ಕೈ ಮಾತು ಕೇಳ್ತಿರಲಿಲ್ಲ. ಅದು ಮಾತ್ರೆ ಇರಬಹುದು, ನಂಗೊತ್ತಿಲ್ಲ. ನಿಮ್ಮಮ್ಮನಿಗೆ ಹೊಡೀತಿದ್ದದ್ದು ನಾನೇ ಕಣೋ."

"ಅದು ಹೇಗೆ ಅಷ್ಟು ಗ್ಯಾರಂಟಿ?"

"ಗಿರಾಕಿ ಬಂದ್ರೆ ನಿಲ್ಲಿಸ್ತಿದ್ದೆ."

ಇಲ್ಲೇ ಇರ್ತೀನಿ ಅಂದ. ಮೇಜಿನ ಕೆಳಗೆ ಚಳಿ ಏನಿಲ್ಲ ಅಂದ.

ಗಿರಾಕಿ ಬಂದ್ರೆ ನಿಲ್ಲಿಸ್ತಿದ್ದನಂತೆ. ಅವತ್ತು ಓನರ್ ಬಾಗಿಲು ತಟ್ಟಿದಾಗ ನಾನು ತಕ್ಷಣ ಬಿಟ್ಟೆನಲ್ಲ... ನಗುನಗ್ತಾ... ಅಂದ್ರೆ ನಾನೂ—